ಶುಕ್ರವಾರದ ಹೊಲಿಗೆ

ಕ್ಯಾರವಾನ್ ಮಾರಿದ ದುಡ್ಡು, ನಾಲ್ಕು ಸಾವಿರದ ಇನ್ನೂರು ಪೌಂಡು,
ಬಿಸ್ಕತ್ತಿನ ಡಬ್ಬಿಯಲ್ಲಿ ಬಚ್ಚಿಟ್ಟು
ನಲವತ್ತು ದಿನ ಸುಳ್ಳು ಹೇಳಿದೆ ಹೆಸ್ಟರ್‌ಗೆ,
ಮೀನು ಹಿಡಿಯಲು ಹೋಗುತ್ತೇನೆ ಎಂದು.
ಒಂದು ಮೀನೂ ತರಲಿಲ್ಲ.
ಅವಳೂ ಕೇಳಲಿಲ್ಲ.

ಬರುವ ಒಂಬತ್ತಕ್ಕೆ ಅವಳಿಗೆ ಎಪ್ಪತ್ತು.
ಹದಿನಾರಕ್ಕೇ ಸೇರಿದ್ದಳು ಆಬಿಂಗ್ಡನ್ನಿನ ಕಾರ್ಖಾನೆ,
ಸೀಟು ಹೊಲಿಯುವ ಸಾಲಿನಲ್ಲಿ ಕಿಟಕಿಯ ಕಡೆಯ ಯಂತ್ರ.
ಹೊಲಿದಳು, ಗೇಟಿಗೆ ಬೀಗ ಬೀಳುವ ತನಕ.
ಎಷ್ಟು ಸಾವಿರ ಬೆನ್ನು ಒರಗಿದವೋ ಅವಳ ದಾರಕ್ಕೆ,
ಸಂಜೆ ಅವಳು ಮನೆಗೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ.
ಆ ಬಸ್ಸು ಓಡಿಸುತ್ತಿದ್ದವನು ನಾನು.

ಮೊದಲನೆಯದು ಡಿಡ್‌ಕಾಟಿನ ದಂತವೈದ್ಯರೊಬ್ಬರದು.
ಕೆಂಪು. ಕ್ರೋಮಿನ ಬಂಪರು, ಮುಖ ನೋಡಿ ಗಡ್ಡ ಹೆರೆದುಕೊಳ್ಳಬಹುದು.
ಹನ್ನೊಂದು ಸಾವಿರ ಅಂದರು, ಹಲ್ಲು ಕೀಳುವ ದನಿಯಲ್ಲಿ.
ಚಹಾ ಕೊಟ್ಟರು. ಕುಡಿದು ಬಂದೆ.

ಎರಡನೆಯದು ಹಳದಿ ಸ್ಪಿಟ್‌ಫೈರ್, ಕೋಳಿಗೂಡಿನ ಪಕ್ಕ,
ಡಬ್ಬಿಯಲ್ಲಿದ್ದುದರ ಅರ್ಧಕ್ಕೇ ಸಿಗುವಂಥದ್ದು.
ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಅಯಸ್ಕಾಂತದ ಏಡಿ ಇತ್ತು,
ಟೆನ್‌ಬಿಗೆ ಹೋದ ಬೇಸಿಗೆಯದು.
ಕದ್ದು ತಂದಿದ್ದೆ. ಬಾಗಿಲ ಕೆಳಗಿನ ಪಟ್ಟಿಗೆ ಇಟ್ಟೆ,
ಜಾರಿ ಬಿತ್ತು.
ಚಕ್ರದ ಮೇಲೆ ಇಟ್ಟೆ, ಬಿತ್ತು.
ಕಬ್ಬಿಣ ಇರಬೇಕಾದ ಕಡೆ ಮೆತ್ತಿದ ಹಿಟ್ಟು, ಅದರ ಮೇಲೆ ಬಣ್ಣ.
ಕಾಲಡಿಯ ಚಾಪೆ ಎತ್ತಿದರೆ ಹುಲ್ಲು ಕಂಡಿತು,
ಹುಲ್ಲಿನ ಮೇಲೆ ನನ್ನನ್ನೇ ನೋಡುತ್ತಿದ್ದ ಒಂದು ಕೋಳಿ.
ಕಾಸಿಗೆ ತಕ್ಕ ಕಜ್ಜಾಯ.

ಆಮೇಲೆ ಎರಡು ವಾರ ಮಳೆ. ನಿಜಕ್ಕೂ ಮೀನು ಹಿಡಿದೆ.
ಅದೂ ಸಿಗಲಿಲ್ಲ.

ವಾಂಟೇಜಿನ ಟ್ಯಾಮ್ಸಿನ್ ಪಾರ್ಗೆಟರ್ ಎಂಬ ಹುಡುಗಿ
ಚಿಕ್ಕಪ್ಪ ಬಿಟ್ಟುಹೋದ ಎಂಜಿಯ ಹೊದಿಕೆ ಸರಿಸಿದಳು.
ಕುದಿದು ಕುದಿದು ಕಪ್ಪಾದ ಚಹಾದ ಬಣ್ಣ,
ಯಾರಿಗೂ ಬೇಡದ ಕಪ್ಪು ರಬ್ಬರಿನ ಬಂಪರು,
ಕಡಲ ದಂಡೆಯ ಕುರ್ಚಿಯ ಹಾಗೆ ಪಟ್ಟೆಪಟ್ಟೆಯ ಸೀಟು.
ಎರಡನೆಯ ಗೇರು ಕಿರುಚುತ್ತೆ, ಅಂದಳು.
ಹೀಟರು ಕೆಟ್ಟು ಯಾವ ಕಾಲವಾಯಿತೋ.
ಟಾಪು ಎಡಗಡೆ ಸೋರುತ್ತೆ.
ನಾನು ಏಡಿಯನ್ನು ಇಟ್ಟೆ. ಅಂಟಿಕೊಂಡಿತು.
ಕೀಳಲು ಉಗುರು ಬೇಕಾಯಿತು.

ನಾಲ್ಕೂವರೆ ಕೇಳಿದಳು. ಡಬ್ಬಿ ತೆರೆದು ತೋರಿಸಿದೆ.
ಮುನ್ನೂರು ಕಡಿಮೆ ಇದ್ದದ್ದಕ್ಕೆ
ಗಾಳದ ಕೋಲು, ಬುಟ್ಟಿ, ಮಡಚುವ ಸ್ಟೂಲು ಕೊಟ್ಟುಬಂದೆ.

ಒಂಬತ್ತನೆಯ ತಾರೀಕು, ಬೆಳಗ್ಗೆ,
ಮನೆಯಂಗಿಯಲ್ಲೇ ಹೊರಗೆ ಬಂದಳು ಹೆಸ್ಟರ್.
ಬಣ್ಣ ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ.
ಬಾಗಿಲು ತೆಗೆದು, ಒದ್ದೆ ಜಲ್ಲಿಯ ಮೇಲೆ
ಆ ಕೆಟ್ಟ ಮಂಡಿಯನ್ನೇ ಊರಿ,
ಸೀಟಿನ ಅಂಚಿನಡಿ ಬೆರಳು ತೂರಿಸಿದಳು,
ಕಣ್ಣು ಮುಚ್ಚಿ ಎಣಿಸುತ್ತ ಹೋದಳು.

‘ನಮ್ಮ ಸಾಲಿನದೇ. ಶುಕ್ರವಾರ ಮಧ್ಯಾಹ್ನದ್ದು.’
ಹೇಗೆ ಗೊತ್ತು?
‘ಹೊಲಿಗೆ ಉದ್ದುದ್ದ. ಸಂಬಳದ ಲಕೋಟೆ ಕೈಗೆ ಬಂದಮೇಲೆ
ಎಲ್ಲರ ಕಾಲೂ ಪೆಡಲಿನ ಮೇಲೆ ಭಾರ.’
ನಿನ್ನದಾ?
‘ಥೂ, ನನ್ನದಲ್ಲ! ಪರ್ಲ್ ಹಾಬ್ಡೆಯದು.
ಮೂಲೆಯಲ್ಲಿ ತಿರುಗಿಸಲು ಅವಳಿಗೆ ಸೋಮಾರಿತನ,
ಮೂರು ಸಲ ಹಿಂದೆಮುಂದೆ ಹೊಡೆದು ಬಿಟ್ಟುಬಿಡೋಳು.
ಎಷ್ಟು ಬೈದಿದ್ದೆ.’

ಪರ್ಲ್ ಮಣ್ಣಾಗಿ ಹನ್ನೊಂದು ವರ್ಷ.
ಆ ಮೂಲೆ ಮಾತ್ರ ಒಂದೆಳೆಯೂ ಬಿಚ್ಚಿರಲಿಲ್ಲ.
ಹೆಸ್ಟರ್ ಬೆರಳನ್ನು ಅಲ್ಲೇ ಇಟ್ಟಿದ್ದಳು,
ಕೆಟಲಿನ ಸೀಟಿ ಒಳಗೆ ಕೂಗಿ ಕೂಗಿ ಸುಮ್ಮನಾಗುವವರೆಗೆ.

ಆಮೇಲೆ ಕೈ ಚಾಚಿದಳು, ಕೀಲಿಕೈಗೆ.

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು
ಎಡಗಡೆ ಕೂತು, ಇಲ್ಲದ ಬ್ರೇಕನ್ನು ಮೆಟ್ಟುತ್ತಿದ್ದೆ.
ಚರ್ಚಿನ ತಿರುವಿನಲ್ಲಿ ಎರಡನೆಯ ಗೇರು ಕಿರುಚಿತು,
ಅವಳೂ ಜೊತೆಗೆ ಕಿರುಚಿದಳು.
ಸೇತುವೆ ದಾಟುವಾಗ ಹನಿಯತೊಡಗಿತು.
ಟ್ಯಾಮ್ಸಿನ್ ಸುಳ್ಳು ಹೇಳಿರಲಿಲ್ಲ:
ನನ್ನ ಎಡ ಮಂಡಿ ಪೂರ್ತಿ ಒದ್ದೆ.